ಸುಮ್ಮನಿದ್ದರೂ ಕರೆಂಟು ತಿನ್ನುವ ಕಬ್ಬಿಣ: ಟ್ರಾನ್ಸ್‌ಫಾರ್ಮರ್ ಕೋರ್‌ನ 140 ವರ್ಷದ ಕಥೆ

ನಮ್ಮ ಹರ್ನ್‌ಡನ್‌ನಲ್ಲಿ ಶನಿವಾರ, ಭಾನುವಾರ ವಾಕಿಂಗ್ ಹೋಗುವವರಿಗೆಲ್ಲ ಡಬ್ಲ್ಯೂ ಅಂಡ್ ಓಡಿ ಟ್ರೇಲ್ ಗೊತ್ತೇ ಇದೆ. ಈಗ ಸೈಕಲ್ಲು, ಸ್ಟ್ರೋಲರು ಓಡಾಡುವ ಆ ದಾರಿಯಲ್ಲಿ ಹಿಂದೆ ರೈಲು ಓಡ್ತಿತ್ತು. 1912ರಿಂದ ಕೆಲವು ದಶಕ ಕರೆಂಟಿನ ಟ್ರಾಲಿ ರೈಲೂ ಓಡಿತು. 1968ರಲ್ಲಿ ರೈಲು ನಿಂತಾಗ ಆ ಜಾಗವನ್ನು ಕೊಂಡುಕೊಂಡದ್ದು ವಿದ್ಯುತ್ ಕಂಪನಿ, ಅಂದರೆ ಈಗಿನ ಡೊಮಿನಿಯನ್‌ನ ಹಿಂದಿನ ಅವತಾರವಾದ ವೆಪ್ಕೊ. ಅದಕ್ಕೇ ಇವತ್ತಿಗೂ ಆ ಟ್ರೇಲ್‌ನ ಬಹುಭಾಗದಲ್ಲಿ ನಮ್ಮ ತಲೆಯ ಮೇಲೆ ಹೈಟೆನ್ಷನ್ ಲೈನು. ಪಶ್ಚಿಮಕ್ಕೆ ಆಶ್‌ಬರ್ನ್ ಕಡೆ ನಡೆದರೆ ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು, ಅವುಗಳ ಪಕ್ಕ ಬೇಲಿ ಹಾಕಿದ ಸಬ್‌ಸ್ಟೇಷನ್‌ಗಳು. ಬೇಲಿಯ ಹತ್ತಿರ ಹೋದರೆ 'ಗುಂಯ್' ಅನ್ನುವ ಸದ್ದು.

ನಮ್ಮಲ್ಲಿ ಎಷ್ಟೋ ಜನ ಹೊಟ್ಟೆಪಾಡು ಕಂಡುಕೊಂಡಿರುವುದು ಆ ಕಟ್ಟಡಗಳ ಒಳಗೆ ಓಡುವ ಸರ್ವರ್‌ಗಳಿಂದಲೇ. ಸರ್ವರ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಹೊರಗೆ ಮಳೆ, ಬಿಸಿಲು, ಹಿಮದಲ್ಲಿ ನಿಂತು ಅವಕ್ಕೆ ಊಟ ಹಾಕುವ ಟ್ರಾನ್ಸ್‌ಫಾರ್ಮರ್ ಬಗ್ಗೆ ಮಾತಾಡುವವರು ಕಡಿಮೆ. ಆ ಡಬ್ಬಿಯ ಹೊಟ್ಟೆಯೊಳಗೆ ಇರುವ ಕಬ್ಬಿಣದ ಕಥೆ ನಮ್ಮ ಮೈಸೂರು ಸೀಮೆಯಿಂದ ಉತ್ತರ ಕೆರೊಲಿನಾ, ದಕ್ಷಿಣ ಕೆರೊಲಿನಾ, ಜಾರ್ಜಿಯಾವರೆಗೆ ಹರಡಿಕೊಂಡಿದೆ. ಇಂಜಿನಿಯರುಗಳ ಜೊತೆ ವಲಸೆಗಾರರೂ ಕಾರ್ಮಿಕರೂ ಅದರಲ್ಲಿದ್ದಾರೆ. ಆ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಈ ಲೇಖನದ ಉದ್ದೇಶ.

ಎರಡು ನಷ್ಟ, ಎರಡು ಸ್ವಭಾವ

ಟ್ರಾನ್ಸ್‌ಫಾರ್ಮರ್ ಅಂದರೆ ಬಹಳ ಸರಳ ವಸ್ತು. ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ಎರಡು ತಂತಿಯ ಸುತ್ತು. ಒಂದು ಸುತ್ತಿಗೆ ಕರೆಂಟು ಕೊಟ್ಟರೆ ಕಬ್ಬಿಣ ಅಯಸ್ಕಾಂತ ಆಗುತ್ತದೆ. ಆ ಅಯಸ್ಕಾಂತದ ಏರಿಳಿತ ಇನ್ನೊಂದು ಸುತ್ತಿನಲ್ಲಿ ಕರೆಂಟು ಹುಟ್ಟಿಸುತ್ತದೆ. ನಡುವಿನ ಈ ಕಬ್ಬಿಣದ ಚೌಕಟ್ಟಿಗೆ ಕೋರ್ ಅಂತಾರೆ.

ನಷ್ಟವೂ ಎರಡು ಬಗೆ. ಮೊದಲನೆಯದು ತಂತಿಯದು. ಎಷ್ಟು ಲೋಡ್ ಇದೆಯೋ ಅದಕ್ಕೆ ತಕ್ಕ ಹಾಗೆ ಇದು ಏರುತ್ತದೆ, ಅರ್ಧ ಲೋಡ್ ಇದ್ದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡನೆಯದು ಕಬ್ಬಿಣದ ನಷ್ಟ. ಇದಕ್ಕೆ ಲೋಡ್‌ನ ಹಂಗಿಲ್ಲ. ಮನೆಯವರೆಲ್ಲ ದೀಪ ಆರಿಸಿ ಮಲಗಿದರೂ, ಊರಿಗೇ ಬೀಗ ಹಾಕಿ ಹೋದರೂ, ಲೈನಿನಲ್ಲಿ ಕರೆಂಟು ಇರುವವರೆಗೆ ಕೋರ್ ತನ್ನ ಪಾಲು ತಿಂತಾನೇ ಇರುತ್ತದೆ. ಇಂಜಿನಿಯರುಗಳು ಇದನ್ನು ನೋ-ಲೋಡ್ ನಷ್ಟ ಅಂತಾರೆ.

ಒಂದು ಲೆಕ್ಕ ನೋಡೋಣ. ಕಂಬದ ಮೇಲಿನ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್‌ನ ಕೋರ್ 60 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಹಳೇ ಕಾಲದ ಒಂದು ಬಲ್ಬಿನಷ್ಟು, ಏನು ಮಹಾ ಅನ್ನಿಸುತ್ತೆ. ಆದರೆ ವರ್ಷಕ್ಕೆ 8,760 ಗಂಟೆ. ಗುಣಿಸಿದರೆ 525 ಯೂನಿಟ್ ಚಿಲ್ಲರೆ. ಅದೇ ಕೋರ್ 20 ವ್ಯಾಟ್ ಮಾತ್ರ ತಿಂದರೆ 175 ಯೂನಿಟ್. ವ್ಯತ್ಯಾಸ ವರ್ಷಕ್ಕೆ 350 ಯೂನಿಟ್. ಟ್ರಾನ್ಸ್‌ಫಾರ್ಮರ್ ಸಲೀಸಾಗಿ 30 ವರ್ಷ ಬಾಳುತ್ತದೆ, ಅಷ್ಟರಲ್ಲಿ 10,000 ಯೂನಿಟ್ ದಾಟುತ್ತದೆ. ಇದು ಒಂದೇ ಡಬ್ಬಿಯ ಲೆಕ್ಕ. ಒಂದು ದೇಶದಲ್ಲಿ ಇಂಥವು ಲಕ್ಷಾಂತರ, ಕೋಟ್ಯಂತರ ಇರುತ್ತವೆ.

ಮೊದಲ ಕಬ್ಬಿಣ, ಮೊದಲ ತಲೆನೋವು

1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಮೂವರು, ಜಿಪರ್ನೋವ್ಸ್ಕಿ, ಬ್ಲಾಥಿ ಮತ್ತು ಡೆರಿ, ಕಬ್ಬಿಣದ ಕೋರ್ ಪೂರ್ತಿ ಮುಚ್ಚಿಕೊಂಡಿರುವ ಟ್ರಾನ್ಸ್‌ಫಾರ್ಮರ್ ಮಾಡಿದರು. ಆ ಹೆಸರನ್ನು ಕೊಟ್ಟವನೂ ಬ್ಲಾಥಿಯೇ. ಮರುವರ್ಷ 1886ರ ಮಾರ್ಚ್‌ನಲ್ಲಿ ವಿಲಿಯಂ ಸ್ಟ್ಯಾನ್ಲಿ ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್‌ಟನ್ ಊರಿನ ಬೀದಿಗೆ ಟ್ರಾನ್ಸ್‌ಫಾರ್ಮರ್ ಮೂಲಕ ದೀಪ ಹಚ್ಚಿ ತೋರಿಸಿದ.

ಆಗ ಸಿಗುತ್ತಿದ್ದದ್ದು ಮೆತು ಕಬ್ಬಿಣ. ಗಟ್ಟಿ ತುಂಡನ್ನೇ ಇಟ್ಟರೆ ಅದರೊಳಗೇ ಸುಳಿಸುಳಿಯಾಗಿ ಕರೆಂಟು ಹರಿದು ಬಿಸಿಯಾಗುತ್ತದೆ. ಹೊಳೆಯ ಸುಳಿ ನೆನೆಸಿಕೊಳ್ಳಿ, ಹಾಗೇ. ಈ ಸುಳಿ ಕರೆಂಟಿಗೆ ಜಾಗ ಕೊಡಬಾರದು ಅಂತ ಕಬ್ಬಿಣವನ್ನು ತೆಳು ತಗಡು ಮಾಡಿ, ನಡುವೆ ಕರೆಂಟು ದಾಟದ ಹಾಗೆ ಪದರ ಕೊಟ್ಟು, ಒಂದರ ಮೇಲೊಂದು ಜೋಡಿಸಿದರು. ತಗಡು ತೆಳುವಾದಷ್ಟೂ ನಷ್ಟ ಕಡಿಮೆ.

ಎರಡನೇ ತಲೆನೋವು ಕಬ್ಬಿಣದ ಹಟದ್ದು. ಅಯಸ್ಕಾಂತವನ್ನು ಒಂದು ಕಡೆ ತಿರುಗಿಸಿ, ತಕ್ಷಣ ಇನ್ನೊಂದು ಕಡೆ ತಿರುಗಿಸಿದರೆ ಕಬ್ಬಿಣ ಸುಲಭಕ್ಕೆ ಒಪ್ಪುವುದಿಲ್ಲ, ಹಿಂದಿನದನ್ನೇ ಹಿಡಿದುಕೊಂಡು ಕೂರುತ್ತದೆ. ಪ್ರತಿ ಸಲವೂ ಅದನ್ನು ಒಪ್ಪಿಸೋದಕ್ಕೆ ಶಕ್ತಿ ಖರ್ಚು. ಇದಕ್ಕೆ ಹಿಸ್ಟರಿಸಿಸ್ ಅಂತ ಹೆಸರು. ಅಮೆರಿಕದಲ್ಲಿ ಈ ತಿರುಗಾಟ ಸೆಕೆಂಡಿಗೆ 60 ಸಲ, ಊರಿನಲ್ಲಿ 50 ಸಲ.

ಮೂರನೆಯದು ಎಲ್ಲಕ್ಕಿಂತ ಕಿರಿಕಿರಿಯದು. ಹೊಸದಾಗಿದ್ದಾಗ ಚೆನ್ನಾಗಿದ್ದ ಕೋರ್, ತಿಂಗಳುಗಟ್ಟಲೆ ಬಿಸಿಯಲ್ಲಿ ಕೂತ ಮೇಲೆ ತಾನಾಗೇ ಹೆಚ್ಚು ಹೆಚ್ಚು ತಿನ್ನೋಕೆ ಶುರುಮಾಡುತ್ತಿತ್ತು. ಕಬ್ಬಿಣಕ್ಕೆ ಮುಪ್ಪು ಬಂತು ಅಂತಲೇ ಅಂದರು. ಒಳಗೆ ಉಳಿದ ಇಂಗಾಲ, ಸಾರಜನಕಗಳು ನಿಧಾನಕ್ಕೆ ಸಣ್ಣ ಕಣಗಳಾಗಿ ಗಟ್ಟಿಯಾಗಿ ಅಯಸ್ಕಾಂತದ ಓಡಾಟಕ್ಕೆ ಅಡ್ಡ ನಿಲ್ಲುತ್ತಿದ್ದವು.

ಲೆಕ್ಕ ಕೊಟ್ಟ ವಲಸೆಗಾರ

ಈ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಸೂತ್ರ ಕೊಟ್ಟವನು ಚಾರ್ಲ್ಸ್ ಸ್ಟೈನ್‌ಮೆಟ್ಸ್. ಇವನ ಕಥೆ ನಮ್ಮಂಥವರು ತಿಳಿದಿರಬೇಕಾದದ್ದು. ಜರ್ಮನಿಯ ಬ್ರೆಸ್ಲೌ ಊರಿನವನು, ಹುಟ್ಟಿನಿಂದಲೇ ಗೂನು ಬೆನ್ನು, ಗಿಡ್ಡ ಆಳು. ಸಮಾಜವಾದಿ ಪತ್ರಿಕೆಯ ಕೆಲಸ ಮಾಡಿದ ಅಂತ ಪೊಲೀಸರು ಬೆನ್ನು ಹತ್ತಿದಾಗ ದೇಶ ಬಿಟ್ಟ. 1889ರಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದಾಗ ಕೈಯಲ್ಲಿ ಕಾಸಿಲ್ಲ, ಇಂಗ್ಲಿಷ್ ಬರೋದಿಲ್ಲ, ಮೇಲೆ ಅಂಗವೈಕಲ್ಯ. ಅಧಿಕಾರಿಗಳು ವಾಪಸ್ ಕಳಿಸುವವರೇ ಇದ್ದರು. ಜೊತೆಗೆ ಬಂದ ಗೆಳೆಯ 'ಇವನ ಜವಾಬ್ದಾರಿ ನನ್ನದು' ಅಂತ ನಿಂತದ್ದರಿಂದ ಒಳಗೆ ಬಿಟ್ಟರು. ಸ್ಪಾನ್ಸರ್ ಅನ್ನೋ ಮಾತಿನ ಬೆಲೆ ನಮಗೆ ಹೇಳಿಕೊಡಬೇಕಾಗಿಲ್ಲ.

ಯಾಂಕರ್ಸ್ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ. ಮೂರು ವರ್ಷ ಕಳೆಯುವ ಮೊದಲೇ, 1892ರ ಜನವರಿಯಲ್ಲಿ, ಹಿಸ್ಟರಿಸಿಸ್ ನಷ್ಟದ ನಿಯಮವನ್ನು ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದಿಟ್ಟ. ಅಯಸ್ಕಾಂತದ ಬಲ ಹೆಚ್ಚಿಸಿದಂತೆ ನಷ್ಟ ಸುಮಾರು 1.6ರ ಘಾತದಲ್ಲಿ ಏರುತ್ತದೆ ಅಂತ ಅವನು ಕಂಡುಕೊಂಡ. ಅಲ್ಲಿಯವರೆಗೆ ಟ್ರಾನ್ಸ್‌ಫಾರ್ಮರ್ ಮಾಡಿ ನೋಡಬೇಕಿತ್ತು, ಎಷ್ಟು ಬಿಸಿಯಾಗುತ್ತೆ ಅಂತ. ಅವನ ನಂತರ ಕಾಗದದ ಮೇಲೇ ಹೇಳಬಹುದಾಯಿತು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿ ಅವನನ್ನು ಸೇರಿಸಿಕೊಂಡಿತು. 1923ರಲ್ಲಿ ತೀರಿಕೊಳ್ಳುವ ತನಕ ಸ್ಕೆನೆಕ್ಟಡಿಯಲ್ಲೇ ಇದ್ದ.

ಶಿವನಸಮುದ್ರಕ್ಕೆ ಬಂದ ಯಂತ್ರಗಳು

ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು ಹಡಗು ಹತ್ತಿ ನಮ್ಮ ಶಿವನಸಮುದ್ರಕ್ಕೆ ಬಂದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ 1902ರ ಜೂನ್‌ನಲ್ಲಿ ಮುಗಿದು, ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಬಹು ಉದ್ದದ ಲೈನುಗಳಲ್ಲಿ ಅದೂ ಒಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು.

ನಾವು ಈ ಕಥೆ ಹೇಳುವಾಗ ಜಲಪಾತ, ದಿವಾನರು, ಚಿನ್ನದ ಗಣಿ ಎಲ್ಲ ಬರುತ್ತದೆ, ನಡುವಿನ ಟ್ರಾನ್ಸ್‌ಫಾರ್ಮರ್ ಬರುವುದಿಲ್ಲ. ಅಷ್ಟು ದೂರ ಕರೆಂಟು ಕಳಿಸಬೇಕಾದರೆ ಒತ್ತಡ ಏರಿಸಬೇಕು, ಗಣಿ ತಲುಪಿದ ಮೇಲೆ ಇಳಿಸಬೇಕು. ಎರಡೂ ಕಡೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆಗುವ ಕೆಲಸವಲ್ಲ. ಅವುಗಳ ಕೋರ್ ಹಳೇ ಪೀಳಿಗೆಯ ಕಬ್ಬಿಣದ ತಗಡು, ಯಾಕೆಂದರೆ ಸಿಲಿಕಾನ್ ಉಕ್ಕು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಆವರ್ತದ್ದು. ತಿರುಗಾಟ ಕಡಿಮೆ ಇದ್ದದ್ದರಿಂದ ಪ್ರತಿ ಕಿಲೋ ಕಬ್ಬಿಣದ ನಷ್ಟ ಕಡಿಮೆ. ಆದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಕಬ್ಬಿಣ ಬೇಕು, ಡಬ್ಬಿ ಭಾರ ಜಾಸ್ತಿ. ಈ ಕಥೆಯಲ್ಲಿ ಮುಂದೆಯೂ ಇದೇ ನಡೆಯುತ್ತದೆ: ಒಂದು ಕಡೆ ಉಳಿಸಿದರೆ ಇನ್ನೊಂದು ಕಡೆ ತೆರಬೇಕು.

ಸಿಲಿಕಾನ್ ಬಂತು, ಆಮೇಲೆ ಗಾಸ್ ಬಂದ

1900ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಉಕ್ಕಿನ ಸಾಹುಕಾರ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಡಬ್ಲಿನ್‌ನ ವಿಲಿಯಂ ಬ್ಯಾರೆಟ್ ಬಗೆಬಗೆಯ ಮಿಶ್ರಲೋಹಗಳನ್ನು ಪರೀಕ್ಷೆ ಮಾಡ್ತಾ ಇದ್ದರು. ಕಬ್ಬಿಣಕ್ಕೆ ನೂರಕ್ಕೆ ಮೂರರಷ್ಟು ಸಿಲಿಕಾನ್ ಸೇರಿಸಿದರೆ ಏಕಕಾಲಕ್ಕೆ ಮೂರು ಕಾಯಿಲೆ ವಾಸಿ ಅಂತ ತಿಳಿಯಿತು. ಸುಳಿ ಕರೆಂಟಿಗೆ ಅಡ್ಡಿ ಹೆಚ್ಚಿತು, ಕಬ್ಬಿಣದ ಹಟ ತಗ್ಗಿತು, ಮುಪ್ಪಿನ ಕಾಟ ಬಹುಪಾಲು ನಿಂತಿತು. ಆ ದಶಕ ಮುಗಿಯುವುದರೊಳಗೆ ಜರ್ಮನಿ, ಅಮೆರಿಕ ಎರಡೂ ಕಡೆ ಸಿಲಿಕಾನ್ ಉಕ್ಕು ಕಾರ್ಖಾನೆಯಲ್ಲಿ ತಯಾರಾಗತೊಡಗಿತು.

ಮುಂದಿನ ದೊಡ್ಡ ಹೆಜ್ಜೆ ಇಟ್ಟವನು ಅಮೆರಿಕದ ನಾರ್ಮನ್ ಗಾಸ್. ಲೋಹದೊಳಗೆ ಕಾಳುಕಾಳಾಗಿ ಹರಳುಗಳಿರುತ್ತವೆ. ಪ್ರತಿ ಹರಳಿಗೂ ಅಯಸ್ಕಾಂತ ಸುಲಭವಾಗಿ ಹರಿಯುವ ಒಂದು ದಿಕ್ಕು ಇರುತ್ತದೆ. ಮಾಮೂಲಿ ತಗಡಿನಲ್ಲಿ ಹರಳುಗಳು ಸಂತೆಯ ಜನದ ಹಾಗೆ ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿರುತ್ತವೆ. ತಗಡನ್ನು ತಣ್ಣಗಿರುವಾಗ ಒತ್ತಿ ಉರುಳಿಸಿ, ಆಮೇಲೆ ಕಾಯಿಸಿ, ಮತ್ತೆ ಉರುಳಿಸಿ, ಮತ್ತೆ ಕಾಯಿಸಿ, ಗಾಸ್ ಆ ಹರಳುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸಿದ. 1934ರಲ್ಲಿ ಪೇಟೆಂಟ್ ಸಿಕ್ಕಿತು. ಇದೇ ಇವತ್ತು ನಮ್ಮೂರ ಟ್ರಾನ್ಸ್‌ಫಾರ್ಮರ್ ರಿಪೇರಿ ಅಂಗಡಿಯವರೂ ಬಾಯಿ ತುಂಬ ಹೇಳುವ ಸಿ.ಆರ್.ಜಿ.ಒ. 1968ರ ಹೊತ್ತಿಗೆ, ಮುಂದೆ ನಿಪ್ಪಾನ್ ಸ್ಟೀಲ್ ಆದ ಜಪಾನಿನ ಕಂಪನಿ ಹರಳುಗಳನ್ನು ಇನ್ನೂ ಶಿಸ್ತಾಗಿ ನಿಲ್ಲಿಸಿ ಹೈ-ಬಿ ಅನ್ನೋ ತಗಡು ತಂದಿತು. ಆಮೇಲೆ ತಗಡಿನ ಮೈಮೇಲೆ ಲೇಸರ್‌ನಿಂದ ಗೆರೆ ಎಳೆದು ನಷ್ಟವನ್ನು ಮತ್ತಷ್ಟು ಇಳಿಸಿದರು.

ಮೈಸೂರು ಸಂಸ್ಥಾನವೂ ಕೈಕಟ್ಟಿ ಕೂತಿರಲಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ ಶುರುವಾಯಿತು. ಅದೇ ಇವತ್ತಿನ ಕವಿಕಾ. ನಮ್ಮ ಹಳ್ಳಿಗಳ ಕಂಬದ ಮೇಲಿನ ಎಷ್ಟೋ ಟಿ.ಸಿ.ಗಳು ಅಲ್ಲಿಂದ ಬಂದವು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕೂಡ ದಶಕಗಳ ಕಾಲ ಟ್ರಾನ್ಸ್‌ಫಾರ್ಮರ್ ಮಾಡಿತು. ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಆ ಕಾರ್ಖಾನೆಯ ಸಂಬಳದಲ್ಲಿ ಮಕ್ಕಳನ್ನು ಓದಿಸಿದರೋ ಲೆಕ್ಕವಿಲ್ಲ. ಆದರೆ ಕೋರ್‌ನ ಒಳ್ಳೆಯ ಉಕ್ಕು ಮಾತ್ರ ಬಹುಪಾಲು ಹೊರದೇಶದಿಂದಲೇ ಬರಬೇಕಾಗಿತ್ತು. ಈ ಪರಾವಲಂಬನೆ ಇನ್ನೂ ಪೂರ್ತಿ ತಪ್ಪಿಲ್ಲ.

ಸದ್ದು ಎಲ್ಲಿಂದ ಬರುತ್ತದೆ?

ಇನ್ನು ಆ 'ಗುಂಯ್' ವಿಚಾರ. ಒಳಗೆ ತಿರುಗುವ ಯಂತ್ರ ಯಾವುದೂ ಇಲ್ಲ, ಮತ್ತೆ ಸದ್ದು ಯಾಕೆ? 1842ರಲ್ಲೇ ಜೇಮ್ಸ್ ಜೂಲ್ ಇದಕ್ಕೆ ಉತ್ತರ ಕಂಡಿದ್ದ. ಕಬ್ಬಿಣ ಅಯಸ್ಕಾಂತವಾದಾಗ ಅದರ ಉದ್ದ ಒಂಚೂರು ಬದಲಾಗುತ್ತದೆ. ಎಷ್ಟು ಅಂದರೆ, ಮೀಟರ್ ಉದ್ದದ ತಗಡು ಮೈಕ್ರಾನ್ ಲೆಕ್ಕದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಕಣ್ಣಿಗೆ ಕಾಣೋದಿಲ್ಲ. ಆದರೆ ಟನ್‌ಗಟ್ಟಲೆ ಕಬ್ಬಿಣ ಒಟ್ಟಿಗೆ ಉಸಿರಾಡಿದಂತೆ ಹಿಗ್ಗಿ ಕುಗ್ಗಿದರೆ ಎಣ್ಣೆ ನಡುಗುತ್ತದೆ, ತೊಟ್ಟಿಯ ಗೋಡೆ ನಡುಗುತ್ತದೆ, ಗಾಳಿ ನಡುಗುತ್ತದೆ. ಅದೇ ಸದ್ದು.

ಉತ್ತರ ಧ್ರುವವಾದರೂ ದಕ್ಷಿಣ ಧ್ರುವವಾದರೂ ಉದ್ದದ ಬದಲಾವಣೆ ಒಂದೇ ಬಗೆ. ಅದಕ್ಕೇ ಕರೆಂಟಿನ ಒಂದು ಆವರ್ತಕ್ಕೆ ಎರಡು ಉಸಿರು. ಊರಿನ 50 ಆವರ್ತದ ಟ್ರಾನ್ಸ್‌ಫಾರ್ಮರ್‌ನ ಮೂಲ ಸದ್ದು ಸೆಕೆಂಡಿಗೆ 100 ಕಂಪನ, ಇಲ್ಲಿಯದು 120. ಸಂಗೀತ ಬಲ್ಲವರಿಗೆ ಒಂದು ಮೋಜಿನ ಲೆಕ್ಕ: 120ಕ್ಕೂ 100ಕ್ಕೂ ಇರುವ ಅನುಪಾತ 6ಕ್ಕೆ 5. ಊರಿನ ಟಿ.ಸಿ.ಯ ಗುಂಯ್ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಹರ್ನ್‌ಡನ್‌ನ ಗುಂಯ್ ಸರಿಯಾಗಿ ಸಾಧಾರಣ ಗಾಂಧಾರಕ್ಕೆ ಕೂರುತ್ತದೆ. ಶಿವನಸಮುದ್ರದ ಹಳೇ 25 ಆವರ್ತದ ಯಂತ್ರ ಅದೇ ಷಡ್ಜವನ್ನು ಒಂದು ಸ್ಥಾಯಿ ಕೆಳಗೆ, ಮಂದ್ರದಲ್ಲಿ ಹಿಡಿದಿತ್ತು.

ಹರಳುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿದ ಉಕ್ಕಿನಲ್ಲಿ ಈ ಹಿಗ್ಗು-ಕುಗ್ಗು ಕಡಿಮೆ. ಹೈ-ಬಿ ತಗಡಿನ ಮೇಲಿನ ಲೇಪನ ತಗಡನ್ನು ಸದಾ ಎಳೆದು ಹಿಡಿದಿರುತ್ತದೆ, ಅದರಿಂದ ಇನ್ನೂ ಕಡಿಮೆ. ಸಿಲಿಕಾನ್ ಅನ್ನು ನೂರಕ್ಕೆ ಆರೂವರೆಗೆ ಏರಿಸಿದರೆ ಉದ್ದ ಬದಲಾಗುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಆದರೆ ಆ ಲೋಹ ಹಪ್ಪಳದ ಹಾಗೆ ಮುರಿಯುತ್ತದೆ, ಉರುಳಿಸೋದು ಕಷ್ಟ, ಬೆಲೆಯೂ ಜಾಸ್ತಿ. ಬೇರೆ ದಾರಿಗಳೂ ಇವೆ: ತಗಡುಗಳ ಮೂಲೆ ಜೋಡಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುವುದು, ಕೋರ್ ಅನ್ನು ಬಿಗಿಯಾಗಿ ಕಟ್ಟುವುದು, ಕಬ್ಬಿಣ ಹೆಚ್ಚು ಹಾಕಿ ಅಯಸ್ಕಾಂತದ ಬಲ ತಗ್ಗಿಸುವುದು. ಕೊನೆಯದರಿಂದ ನಷ್ಟವೂ ಸದ್ದೂ ಎರಡೂ ಇಳಿಯುತ್ತವೆ, ಡಬ್ಬಿ ಮಾತ್ರ ದೊಡ್ಡದಾಗುತ್ತದೆ, ದುಡ್ಡೂ ಹೆಚ್ಚು ಬೀಳುತ್ತದೆ.

ಮರ್ಟಲ್ ಬೀಚ್ ದಾರಿಯ ಕಾರ್ಖಾನೆ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು, ಚಿತ್ರಾನ್ನ ಪುಳಿಯೋಗರೆ ಡಬ್ಬಿ ಹಿಡಿದು, ಇಲ್ಲಿಂದ ಮರ್ಟಲ್ ಬೀಚ್‌ಗೆ ಹೋಗುವವರು ನಮ್ಮಲ್ಲಿ ಬಹಳ. ಹೈವೇ 95 ಬಿಟ್ಟು 501 ಹಿಡಿದರೆ ಸಮುದ್ರ ಸಿಗುವ ಸ್ವಲ್ಪ ಮೊದಲು ಕಾನ್‌ವೇ ಅನ್ನೋ ಊರು ಬರುತ್ತದೆ. ಗ್ಯಾಸ್ ಹಾಕಿಸಿ ಮುಂದೆ ಹೋಗ್ತೀವಿ. ಟ್ರಾನ್ಸ್‌ಫಾರ್ಮರ್ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಆ ಊರಿನಲ್ಲಿದೆ.

ಹಿನ್ನೆಲೆ ಹೀಗೆ. 1960ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪೋಲ್ ದುವೆ ಮತ್ತು ಅವನ ಶಿಷ್ಯರು ಚಿನ್ನ-ಸಿಲಿಕಾನ್ ದ್ರವವನ್ನು ಎಷ್ಟು ಬೇಗ ತಣಿಸಿದರು ಅಂದರೆ, ಅದಕ್ಕೆ ಹರಳು ಕಟ್ಟಲು ಸಮಯವೇ ಸಿಗಲಿಲ್ಲ. ಗಾಜಿನ ಹಾಗೆ ಅಸ್ತವ್ಯಸ್ತವಾಗಿಯೇ ಗಟ್ಟಿಯಾಯಿತು. ಲೋಹವೇ, ಆದರೆ ಒಳಗೆ ಗಾಜು. ಇದಕ್ಕೆ ಅಮಾರ್ಫಸ್ ಲೋಹ ಅಂತ ಹೆಸರು. 1970ರ ದಶಕದಲ್ಲಿ ಅಲೈಡ್ ಕೆಮಿಕಲ್ ಕಂಪನಿ ಕಬ್ಬಿಣದಿಂದಲೇ ಇಂಥ ಲೋಹ ಮಾಡಿ ಮೆಟ್‌ಗ್ಲಾಸ್ ಅಂತ ಹೆಸರಿಟ್ಟಿತು. ಕರಗಿದ ಲೋಹವನ್ನು ವೇಗವಾಗಿ ತಿರುಗುವ ತಣ್ಣನೆ ಚಕ್ರದ ಮೇಲೆ ಸುರಿದರೆ, ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ವೇಗದಲ್ಲಿ ತಣಿದು, ಪಟ್ಟಿಯಾಗಿ ಹಾರಿಬರುತ್ತದೆ. ಪಟ್ಟಿಯ ದಪ್ಪ ಸುಮಾರು 0.025 ಮಿಲಿಮೀಟರ್, ಅಂದರೆ ಮಾಮೂಲಿ ಸಿ.ಆರ್.ಜಿ.ಒ. ತಗಡಿನ ಹತ್ತನೇ ಒಂದು ಭಾಗದಷ್ಟು.

ಹರಳೇ ಇಲ್ಲದ್ದರಿಂದ ಹಟವೂ ಕಡಿಮೆ, ತೆಳುವಾದ್ದರಿಂದ ಸುಳಿ ಕರೆಂಟಿಗೂ ಜಾಗವಿಲ್ಲ. ನೋ-ಲೋಡ್ ನಷ್ಟ ನೂರಕ್ಕೆ 60-70ರಷ್ಟು ಇಳಿಯುತ್ತದೆ. ಅದೇ ದಶಕದಲ್ಲಿ ತೈಲದ ಬೆಲೆ ಗಗನಕ್ಕೇರಿ ಅಮೆರಿಕದವರಿಗೂ ಒಂದೊಂದು ಯೂನಿಟ್‌ನ ಬೆಲೆ ಗೊತ್ತಾಗಿತ್ತು. 1982ರಲ್ಲಿ ಅಮಾರ್ಫಸ್ ಕೋರ್‌ನ ಮೊದಲ ಟ್ರಾನ್ಸ್‌ಫಾರ್ಮರ್‌ಗಳು ಪರೀಕ್ಷೆಗೆಂದು ನಿಜವಾದ ಲೈನಿಗೆ ಹೋದಾಗ, ಅವನ್ನು ಹಾಕಿಕೊಂಡು ನೋಡಿದವರಲ್ಲಿ ಕೆರೊಲಿನಾದ ಡ್ಯೂಕ್ ಪವರ್ ಮತ್ತು ಅಟ್ಲಾಂಟಾದ ಜಾರ್ಜಿಯಾ ಪವರ್ ಸೇರಿದ್ದವು. ಉತ್ತರ ಕೆರೊಲಿನಾದ ಹಿಕರಿಯಲ್ಲಿ ಜನರಲ್ ಎಲೆಕ್ಟ್ರಿಕ್‌ನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಇತ್ತು. ಮುಂದೆ ಅಮಾರ್ಫಸ್ ಪಟ್ಟಿ ತಯಾರಿಸುವ ಕಾರ್ಖಾನೆ ಕಾನ್‌ವೇಯಲ್ಲಿ ಎದ್ದಿತು. 2003ರಲ್ಲಿ ಜಪಾನಿನ ಹಿಟಾಚಿ ಮೆಟಲ್ಸ್ ಅದನ್ನು ಕೊಂಡುಕೊಂಡಿತು. ಹೀಗೆ ಈ ಹೊಸ ಕಬ್ಬಿಣದ ಪರೀಕ್ಷೆ, ತಯಾರಿಕೆ ಎರಡಕ್ಕೂ ನಾವು ವಾಸವಿರುವ ಈ ಆಗ್ನೇಯ ಭಾಗವೇ ಅಂಗಳವಾಯಿತು.

ಹಾಗಾದರೆ ಎಲ್ಲ ಕಡೆ ಇದನ್ನೇ ಯಾಕೆ ಹಾಕಲಿಲ್ಲ? ಮೂರು ಕಾರಣ. ಒಂದು, ಇದು ಸಿ.ಆರ್.ಜಿ.ಒ.ನಷ್ಟು ಅಯಸ್ಕಾಂತ ತುಂಬಿಕೊಳ್ಳುವುದಿಲ್ಲ. ಅದು ಸುಮಾರು 2 ಟೆಸ್ಲಾ ತಾಳಿದರೆ ಇದು 1.56ಕ್ಕೇ ಸಾಕು ಅನ್ನುತ್ತದೆ. ಹಾಗಾಗಿ ಕೋರ್ ದಪ್ಪವಾಗುತ್ತದೆ. ಎರಡು, ಕಾಯಿಸಿದ ಮೇಲೆ ಮುಟ್ಟಿದರೆ ಮುರಿಯುತ್ತದೆ, ಬಿಗಿಯಾಗಿ ಕಟ್ಟಿದರೆ ಗುಣ ಕೆಡುತ್ತದೆ. ಮೂರನೆಯದು ಸದ್ದು. ಅಯಸ್ಕಾಂತವಾದಾಗ ಇದರ ಒಂದು ಮೀಟರ್ ಪಟ್ಟಿ 27 ಮೈಕ್ರಾನ್‌ನಷ್ಟು ಹಿಗ್ಗಬಲ್ಲದು. ಒಳ್ಳೆಯ ಸಿ.ಆರ್.ಜಿ.ಒ.ಗೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು. ಬಿಗಿಯಾಗಿ ಕಟ್ಟಿ ಸದ್ದು ಅಡಗಿಸೋಣ ಅಂದರೆ ಎರಡನೇ ಕಾರಣ ಅಡ್ಡ ಬರುತ್ತದೆ. ಕಡಿಮೆ ತಿನ್ನುವ ಕಬ್ಬಿಣ ಹೆಚ್ಚು ಗೊಣಗುತ್ತದೆ, ಅಷ್ಟೇ. ಆದ್ದರಿಂದ ಬೀದಿಯ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಿಗೆ ಅಮಾರ್ಫಸ್ ಹೊಂದಿತು. ಸಬ್‌ಸ್ಟೇಷನ್‌ನ ಭಾರಿ ಪವರ್ ಟ್ರಾನ್ಸ್‌ಫಾರ್ಮರ್‌ಗಳು ಇವತ್ತಿಗೂ ಗಾಸ್ ವಂಶದ ಉಕ್ಕಿನಲ್ಲೇ ಇವೆ.

ಬಟ್ಲರ್ ಮತ್ತು ಕಾನ್‌ವೇ ನಡುವಿನ ಜಗ್ಗಾಟ

ಇತ್ತೀಚಿನ ಅಧ್ಯಾಯ ಕಾರ್ಮಿಕರದು. ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್‌ನ ಸಿ.ಆರ್.ಜಿ.ಒ. ಉಕ್ಕು ಮಾಡುವ ಕಂಪನಿ ಈಗ ಉಳಿದಿರುವುದು ಒಂದೇ, ಕ್ಲೀವ್‌ಲ್ಯಾಂಡ್-ಕ್ಲಿಫ್ಸ್. ಅದರ ಮುಖ್ಯ ಕಾರ್ಖಾನೆ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ. ಸಾವಿರಕ್ಕೂ ಹೆಚ್ಚು ಜನರ ಅನ್ನ ಅಲ್ಲಿದೆ. ಅಮಾರ್ಫಸ್ ಪಟ್ಟಿ ಮಾಡುವ ಕಾರ್ಖಾನೆಯೂ ಒಂದೇ, ಅದು ಕಾನ್‌ವೇಯದು.

2023ರ ಜನವರಿಯಲ್ಲಿ ಇಲ್ಲಿಯ ಇಂಧನ ಇಲಾಖೆ ಒಂದು ಕರಡು ನಿಯಮ ಹೊರಡಿಸಿತು. ಹಂಚಿಕೆ ಟ್ರಾನ್ಸ್‌ಫಾರ್ಮರ್‌ಗಳ ನಷ್ಟದ ಮಿತಿಯನ್ನು ಎಷ್ಟು ಬಿಗಿ ಮಾಡಿದರು ಅಂದರೆ, ಹೆಚ್ಚುಕಡಿಮೆ ಎಲ್ಲವೂ ಅಮಾರ್ಫಸ್‌ಗೆ ಹೋಗಬೇಕಾಗುತ್ತಿತ್ತು. ಕರೆಂಟು ಉಳಿಯುತ್ತೆ, ಹೊಗೆ ಕಡಿಮೆಯಾಗುತ್ತೆ, ನಿಜ. ಆದರೆ ಬಟ್ಲರ್‌ನ ಕೆಲಸಗಾರರು 'ನಮ್ಮ ಗತಿ?' ಅಂದರು. ಕೋವಿಡ್ ನಂತರ ಟ್ರಾನ್ಸ್‌ಫಾರ್ಮರ್ ಬೇಕು ಅಂದರೆ ವರ್ಷಗಟ್ಟಲೆ ಕಾಯುವ ಪರಿಸ್ಥಿತಿ. ವಿದ್ಯುತ್ ಕಂಪನಿಗಳು 'ಈಗಲೇ ಸಿಗ್ತಿಲ್ಲ, ಇನ್ನು ಲೋಹವನ್ನೇ ಬದಲಿಸಿದರೆ ಹೇಗೆ?' ಅಂದವು. ಯೂನಿಯನ್, ಕಂಪನಿ, ಸಂಸದರು ಎಲ್ಲ ಸೇರಿ ಒತ್ತಡ ಹಾಕಿದ ಮೇಲೆ 2024ರ ಏಪ್ರಿಲ್‌ನಲ್ಲಿ ಅಂತಿಮ ನಿಯಮ ಬಂತು. ಮಾರುಕಟ್ಟೆಯ ಸುಮಾರು ಮುಕ್ಕಾಲು ಪಾಲು ಹಳೇ ಉಕ್ಕಿನಲ್ಲೇ ಮುಂದುವರಿಯಬಹುದು, ಪಾಲಿಸಲು ಐದು ವರ್ಷ ಗಡುವು ಅಂತ ತೀರ್ಮಾನವಾಯಿತು.

ಯಾರು ಸರಿ ಅಂತ ಹೇಳೋದು ಸುಲಭವಲ್ಲ. ವೀಸಾದ ದಿನಾಂಕ ನೋಡಿಕೊಂಡು ಬದುಕುವ ನಮಗೆ, ಎಲ್ಲೋ ಕೂತವರ ಒಂದು ಕಾಗದದಿಂದ ಕೆಲಸ ಹೋಗುವ ಭಯ ಏನು ಅಂತ ಗೊತ್ತು. ಅದೇ ಹೊತ್ತಿಗೆ, ನಷ್ಟವಾಗುವ ಒಂದೊಂದು ಯೂನಿಟ್ ಕೂಡ ಯಾರೋ ಒಬ್ಬರ ಬಿಲ್ಲಿಗೇ ಬರುತ್ತದೆ.

ಡೇಟಾ ಸೆಂಟರ್ ಲೆಕ್ಕ, ಊರಿನ ಲೆಕ್ಕ

ಆ ಬಿಲ್ಲಿನ ಮಾತು ನಮ್ಮ ಮನೆ ಬಾಗಿಲಿಗೇ ಬಂದಿದೆ. ಆಶ್‌ಬರ್ನ್ ಸುತ್ತ ಜಗತ್ತಿನಲ್ಲೇ ಅತಿ ದಟ್ಟವಾದ ಡೇಟಾ ಸೆಂಟರ್ ಗುಂಪು ಇದೆ. ಅಲ್ಲಿ ಕರೆಂಟು ಒಂದು ಕ್ಷಣವೂ ಹೋಗಬಾರದು ಅಂತ ಎಷ್ಟೋ ಕಡೆ ಒಂದಕ್ಕೆ ಎರಡು ಟ್ರಾನ್ಸ್‌ಫಾರ್ಮರ್ ಇಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಭಾರ ಹೊರಬೇಕು. ಹಾಗಾಗಿ ಮಾಮೂಲಿ ದಿನಗಳಲ್ಲಿ ಎರಡೂ ಅರ್ಧಕ್ಕಿಂತ ಕಡಿಮೆ ಲೋಡ್‌ನಲ್ಲಿ ಓಡುತ್ತವೆ. ತಂತಿಯ ನಷ್ಟ ಇಳಿಯುತ್ತದೆ, ಕಬ್ಬಿಣದ ನಷ್ಟ ಮಾತ್ರ ಎರಡರಷ್ಟು, ಹಗಲೂ ರಾತ್ರಿ. ಇಂಥ ಕಡೆ ಕೋರ್ ಯಾವುದು ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಸದ್ದಿನ ದೂರುಗಳಲ್ಲಿ ದೊಡ್ಡ ಪಾಲು ಫ್ಯಾನು, ಜನರೇಟರುಗಳದ್ದು. ಎಲ್ಲವನ್ನೂ ಟ್ರಾನ್ಸ್‌ಫಾರ್ಮರ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ 120ರ ಮಂದ್ರ ಸದ್ದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ರಾತ್ರಿ ಬೇರೆ ಸದ್ದು ಅಡಗಿದ ಮೇಲೆ ಕೇಳಿಸುತ್ತದೆ. ಫೇರ್‌ಫ್ಯಾಕ್ಸ್ ಕೌಂಟಿ 2024ರ ಸೆಪ್ಟೆಂಬರ್‌ನಲ್ಲಿ ಹೊಸ ಡೇಟಾ ಸೆಂಟರ್‌ಗಳಿಗೆ ಶಬ್ದದ ಅಧ್ಯಯನ ಕಡ್ಡಾಯ ಮಾಡಿತು. ಲೌಡನ್ ಕೌಂಟಿ 2025ರ ಮಾರ್ಚ್‌ನಲ್ಲಿ, ಸಾರ್ವಜನಿಕ ಅಹವಾಲು ಕೇಳದೆ ಹೊಸ ಡೇಟಾ ಸೆಂಟರ್ ಕಟ್ಟುವ ಹಕ್ಕನ್ನು ತೆಗೆದುಹಾಕಿತು.

ಊರಿನಲ್ಲೂ ಇದೇ ಲೆಕ್ಕ, ಬೇರೆ ವೇಷದಲ್ಲಿ. ಹಿಂದೆ ಹಳ್ಳಿಯಲ್ಲಿ ಕರೆಂಟು ಇರುತ್ತಿದ್ದದ್ದೇ ಅರ್ಧ ದಿನ. ಕರೆಂಟು ಇಲ್ಲದಿದ್ದರೆ ಕೋರ್ ತಿನ್ನುವುದೂ ಇಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಲೈನು, ಮನೆ ಲೈನು ಬೇರೆ ಮಾಡಿದ ಮೇಲೆ ಮನೆಗಳ ಟಿ.ಸಿ. ಇಡೀ ದಿನ ಎಚ್ಚರ. ಇದು ಸಂತೋಷದ ವಿಷಯವೇ. ಆದರೆ ಕಳಪೆ ಕೋರ್ ಇದ್ದರೆ ನಷ್ಟವೂ ಇಡೀ ದಿನ. ಹೊರದೇಶಗಳಲ್ಲಿ ಬಿಚ್ಚಿದ ಹಳೇ ಟ್ರಾನ್ಸ್‌ಫಾರ್ಮರ್‌ಗಳ ತಗಡು ಸ್ಕ್ರ್ಯಾಪ್ ಆಗಿ ಭಾರತಕ್ಕೆ ಬಂದು, ಕತ್ತರಿಸಿ ಮತ್ತೆ ಹೊಸ ಡಬ್ಬಿಗೆ ಸೇರುತ್ತಿದ್ದ ಕಾಲವೂ ಇತ್ತು. ಬಳಸಿದ ತಗಡನ್ನು ಬಗ್ಗಿಸಿ, ಕತ್ತರಿಸಿದರೆ ನಷ್ಟವೂ ಏರುತ್ತದೆ, ಸದ್ದೂ ಏರುತ್ತದೆ. ಅದಕ್ಕೇ ಕೇಂದ್ರ ಸರ್ಕಾರ ಈ ಉಕ್ಕಿಗೆ ಬಿ.ಐ.ಎಸ್. ಗುರುತು ಕಡ್ಡಾಯ ಮಾಡಬೇಕಾಯಿತು. ಟ್ರಾನ್ಸ್‌ಫಾರ್ಮರ್‌ಗೂ ಫ್ರಿಜ್ಜಿನ ಹಾಗೆ ಸ್ಟಾರ್ ಗುರುತು ಬಂದಿದೆ.

ಯಾರ ದುಡ್ಡು, ಯಾರ ನಿದ್ದೆ

ಈ 140 ವರ್ಷದ ಕಥೆಯಲ್ಲಿ ಎಲ್ಲರೂ ಬೆನ್ನು ಹತ್ತಿದ್ದು ಒಂದನ್ನೇ: ಸುಮ್ಮನಿದ್ದಾಗ ಕಬ್ಬಿಣ ತಿನ್ನುವ ಪಾಲನ್ನು ಕಡಿಮೆ ಮಾಡುವುದು. ಪ್ರತಿ ಸಲವೂ ಗೆದ್ದರು, ಪ್ರತಿ ಸಲವೂ ಏನೋ ಒಂದು ಬೆಲೆ ತೆತ್ತರು. ಸಮಸ್ಯೆ ಎಲ್ಲಿದೆ ಅಂದರೆ, ಟ್ರಾನ್ಸ್‌ಫಾರ್ಮರ್ ಕೊಳ್ಳುವವರು ಒಬ್ಬರು, ಅದರ ನಷ್ಟಕ್ಕೆ 30 ವರ್ಷ ದುಡ್ಡು ಕಟ್ಟುವವರು ಇನ್ನೊಬ್ಬರು, ಅದರ ಸದ್ದು ಕೇಳಿಕೊಂಡು ಮಲಗುವವರು ಮತ್ತೊಬ್ಬರು. ಟೆಂಡರ್‌ನಲ್ಲಿ ಕೊಳ್ಳುವ ಬೆಲೆ ಮಾತ್ರ ನೋಡಿದರೆ ಅಗ್ಗದ ಕೋರ್ ಗೆಲ್ಲುತ್ತದೆ. ಅದು ಬಾಳುವಷ್ಟು ಕಾಲದ ನಷ್ಟವನ್ನೂ ಬೆಲೆಗೆ ಸೇರಿಸಿ ನೋಡಿದರೆ ಉತ್ತರ ಎಷ್ಟೋ ಸಲ ಬೇರೆಯೇ ಬರುತ್ತದೆ.

ನಮ್ಮ ಬಡಾವಣೆಯ ಹತ್ತಿರ ಹೊಸ ಸಬ್‌ಸ್ಟೇಷನ್ನೋ ಡೇಟಾ ಸೆಂಟರೋ ಬರುತ್ತದೆ ಅಂತ ನೋಟಿಸ್ ಬಂದರೆ ಅಹವಾಲು ಸಭೆಗೆ ಹೋಗಿ ಕೂರೋಣ. ಅಲ್ಲಿ ಎರಡು ಪ್ರಶ್ನೆಯನ್ನು ಬೇರೆ ಬೇರೆಯಾಗಿ ಕೇಳಬೇಕು: ಇದರ ನೋ-ಲೋಡ್ ನಷ್ಟ ಎಷ್ಟು? ಕಂಪನಿ ಎಷ್ಟು ಡೆಸಿಬೆಲ್‌ಗೆ ಗ್ಯಾರಂಟಿ ಕೊಡುತ್ತದೆ? ಒಂದಕ್ಕೆ ಒಳ್ಳೆಯ ಉತ್ತರ ಬಂದ ಮಾತ್ರಕ್ಕೆ ಇನ್ನೊಂದೂ ಚೆನ್ನಾಗಿದೆ ಅಂತ ತಿಳಿಯಬಾರದು. ಊರಿನಲ್ಲಿ ಪಂಚಾಯಿತಿ ಸದಸ್ಯರೋ ಎಸ್ಕಾಂ ಇಂಜಿನಿಯರೋ ಆಗಿರುವ ಅಣ್ಣ, ಭಾವ ಇದ್ದರೆ ಅವರಿಗೂ ಫೋನಿನಲ್ಲಿ ಹೇಳಿ: ಮುಂದಿನ ಟಿ.ಸಿ.ಗೆ ಬರೀ ಬೆಲೆ ನೋಡಬೇಡಿ, ಸ್ಟಾರ್ ನೋಡಿ.